ಮಿದುಳಿನ ಖಾತೆ ಪುಸ್ತಕ

ಮಕ್ಕಳೇ, ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ನೂರಕ್ಕೆ 2. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಖರ್ಚು ಸುಮಾರು ನೂರಕ್ಕೆ 20! ಇಷ್ಟು ಖರ್ಚಿನ ಮನೆಗೆ ಜಮಾ ಬರುತ್ತಲೇ ಇರಬೇಕು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಆ ಜಮಾ ನಿಂತರೆ ಪಾರ್ಶ್ವವಾಯು, ಅಂದರೆ ಲಕ್ವ ಹೊಡೆಯುತ್ತದೆ. ಕೆಲವೊಮ್ಮೆ ರಕ್ತನಾಳ ಒಡೆದೂ ಹೀಗಾಗುವುದುಂಟು.

ಆಗ ಒಳಗೇನಾಯಿತೆಂದು ತಲೆಬುರುಡೆ ತೆರೆಯದೆ ತಿಳಿಯುವುದು ಹೇಗೆ? ಎಂ.ಆರ್.ಐ. ಯಂತ್ರ ಮಿದುಳಿನ ಚಿತ್ರ ತೆಗೆಯುವುದು ನಿಮಗೆ ಗೊತ್ತು. ಅದೇ ಯಂತ್ರದಿಂದ ಇನ್ನೊಂದು ಕೆಲಸವನ್ನೂ ಮಾಡಿಸಬಹುದು. ಅದರ ಹೆಸರು ಎಂ.ಆರ್. ಸ್ಪೆಕ್ಟ್ರೋಸ್ಕೋಪಿ. ದೊಡ್ಡ ಅಯಸ್ಕಾಂತದೊಳಗೆ ರೇಡಿಯೋ ಅಲೆ ತಾಗಿಸಿದರೆ ಹೈಡ್ರೋಜನ್ ಪರಮಾಣುಗಳು ಮರುದನಿ ಕೊಡುತ್ತವೆ. ಗುಡಿಯ ಗಂಟೆಯ ದನಿ ಬೇರೆ, ಹಸುವಿನ ಕೊರಳ ಗಂಟೆಯ ದನಿ ಬೇರೆ ಅಲ್ಲವೇ? ಹಾಗೆಯೇ ಪರಮಾಣು ಯಾವ ರಾಸಾಯನಿಕದಲ್ಲಿದೆಯೋ ಅದಕ್ಕೆ ತಕ್ಕಂತೆ ಮರುದನಿಯೂ ಕೊಂಚ ಬದಲಾಗುತ್ತದೆ. ಯಂತ್ರ ಅದನ್ನು ಏರಿಳಿತದ ಗೆರೆಯಾಗಿ ಬರೆದುಕೊಡುತ್ತದೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಆ ಗೆರೆ ಖಾತೆ ಪುಸ್ತಕದಂತೆಯೇ ಕಾಣುತ್ತದೆ. ಅದರಲ್ಲಿ ಎರಡು ಬಾಬ್ತು ಮುಖ್ಯ. ಮೊದಲನೆಯದು ಎನ್-ಅಸಿಟೈಲ್ ಆಸ್ಪಾರ್ಟೇಟ್. ಇದು ಬಹುಪಾಲು ನರಕೋಶಗಳಲ್ಲೇ ಇರುವುದರಿಂದ, ನರಕೋಶಗಳ ಶಿಲ್ಕು ಎನ್ನೋಣ. ಅವು ಸತ್ತಂತೆ ಶಿಲ್ಕು ಇಳಿಯುತ್ತದೆ. ಎರಡನೆಯದು ಲ್ಯಾಕ್ಟೇಟ್. ಆಮ್ಲಜನಕ ಸಿಗದ ಕೋಶಗಳು ಸಕ್ಕರೆಯನ್ನು ಅರೆಬರೆ ಒಡೆದು ಹೇಗೋ ಕಾಲ ತಳ್ಳುತ್ತವೆ. ಆಗ ಲ್ಯಾಕ್ಟೇಟ್ ಸೇರಿಕೊಳ್ಳುತ್ತದೆ. ಇದು ಕೈಸಾಲದ ಲೆಕ್ಕ.

ಸಾಲ ಏರಿದೆ, ಶಿಲ್ಕು ಇನ್ನೂ ಕರಗಿಲ್ಲ ಎಂದರೆ ಆ ಭಾಗ ಸಂಕಟದಲ್ಲಿದೆ, ಆದರೆ ಉಳಿಯುವ ಆಸೆಯಿದೆ. ಶಿಲ್ಕು ತೀರಾ ಇಳಿದಿದ್ದರೆ ಅಲ್ಲಿ ನರಕೋಶಗಳು ನಷ್ಟವಾಗಿವೆ. ಸಂಶೋಧಕರು ಪಾರ್ಶ್ವವಾಯುವನ್ನು ಹೀಗೆ ಓದುತ್ತಾರೆ.

ಈ ಓದಿಗೆ ಸಮಯ ಹಿಡಿಯುತ್ತದೆ. ತುರ್ತಿನಲ್ಲಿ ವೈದ್ಯರು ಸಾಮಾನ್ಯವಾಗಿ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ ನೋಡಿಯೇ ಚಿಕಿತ್ಸೆ ಶುರುಮಾಡುತ್ತಾರೆ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಆದ್ದರಿಂದ ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ, "ಸ್ವಲ್ಪ ಮಲಗಿದರೆ ಸರಿಹೋಗುತ್ತೆ ಬಿಡು" ಎಂದು ಅವರೇ ಹೇಳಿದರೂ ಕೇಳಬೇಡಿ. ಗಡಿಯಾರ ನೋಡಿಕೊಳ್ಳಿ, ದೊಡ್ಡವರನ್ನು ಕೂಗಿ, ತಕ್ಷಣ 108ಕ್ಕೆ ಫೋನ್ ಮಾಡಿ. ಎಷ್ಟು ಗಂಟೆಗೆ ಹೀಗಾಯಿತು ಎಂದು ವೈದ್ಯರು ಮೊದಲು ಕೇಳುತ್ತಾರೆ. ಉತ್ತರ ನಿಮ್ಮ ಬಳಿ ಇರಲಿ.