ಹದಿನೈದು ಸೆಂಟಿನ ನೆನಪು

ಅಮೆರಿಕದ ಲಾಸ್ ಏಂಜಲಿಸ್ ನಗರದ ಆಗ್ನೇಯಕ್ಕೆ ಡೌನಿ ಎಂಬ ಊರಿದೆ. ಅಲ್ಲಿ ಲೇಕ್‌ವುಡ್ ಬುಲೆವಾರ್ಡ್ ಮತ್ತು ಫ್ಲಾರೆನ್ಸ್ ಅವೆನ್ಯೂ ಎಂಬ ಎರಡು ದೊಡ್ಡ ರಸ್ತೆಗಳು ಕೂಡುವೆಡೆಯಲ್ಲಿ ಕೆಂಪು ಬಿಳಿ ಪಟ್ಟೆಗಳ ಪುಟ್ಟ ಕಟ್ಟಡವೊಂದು ನಿಂತಿದೆ. ಅದರ ಎರಡು ಪಕ್ಕಗಳಲ್ಲಿ ಎರಡು ಹಳದಿ ಕಮಾನುಗಳು ಮಾಡನ್ನು ಸೀಳಿಕೊಂಡು ಮೇಲೆದ್ದು ಮತ್ತೆ ನೆಲಕ್ಕೆ ಬಾಗುತ್ತವೆ. ಎದುರಿಗೆ 60 ಅಡಿ ಎತ್ತರದ ಫಲಕ. ಅದರ ಮೇಲೆ ಸ್ಪೀಡಿ ಎಂಬ ಅಡಿಗೆಯವನ ಚಿತ್ರ. ಕತ್ತಲಾದೊಡನೆ ಅವನ ಕಾಲುಗಳಲ್ಲಿ ನಿಯಾನ್ ದೀಪಗಳು ಹೊತ್ತಿಕೊಳ್ಳುತ್ತವೆ, ಅವನು ಓಡತೊಡಗುತ್ತಾನೆ. ಎಷ್ಟು ಓಡಿದರೂ ಅವನು ಇದ್ದಲ್ಲಿಯೇ ಇರುತ್ತಾನೆ.

1953ರ ಆಗಸ್ಟ್ 18ರಂದು ಬಾಗಿಲು ತೆರೆದ ಈ ಅಂಗಡಿಯು, ಇಂದಿಗೂ ನಡೆಯುತ್ತಿರುವ ಮೆಕ್‌ಡೊನಾಲ್ಡ್ಸ್ ಹ್ಯಾಂಬರ್ಗರ್ ಅಂಗಡಿಗಳಲ್ಲೆಲ್ಲ ಅತ್ಯಂತ ಹಳೆಯದು. ಅರೆದ ದನದ ಮಾಂಸದ ಬಿಲ್ಲೆಯನ್ನು ಕಾವಲಿಯ ಮೇಲೆ ಬೇಯಿಸಿ, ಇಬ್ಭಾಗ ಮಾಡಿದ ಬನ್ನಿನ ನಡುವೆ ಇರಿಸಿ ಕೊಡುವ ತಿಂಡಿಯೇ ಹ್ಯಾಂಬರ್ಗರ್. ನಮ್ಮಲ್ಲಿ ಅನೇಕರಿಗೆ ಅದು ವರ್ಜ್ಯವಾದ ಆಹಾರ. ಆದರೆ ತಂದೆಯ ಕೈಹಿಡಿದು ಹೋಗುತ್ತಿದ್ದ ಹಳೆಯ ಹೋಟೆಲು ಒಂದು ಬೆಳಗ್ಗೆ ಇಲ್ಲವಾದಾಗ ಆಗುವ ಕಳವಳವು ಯಾರಿಗೂ ಹೊಸದಲ್ಲ. ಡೌನಿಯ ಅಂಗಡಿಯ ಕಥೆ ಆ ಕಳವಳದ ಕಥೆಯೇ ಆಗಿದೆ.

ಕಥೆಯ ಮೂಲದಲ್ಲಿರುವವರು ಇಬ್ಬರು ಸೋದರರು: ಅಣ್ಣ ಮಾರಿಸ್ ಮೆಕ್‌ಡೊನಾಲ್ಡ್, ತಮ್ಮ ರಿಚರ್ಡ್ ಮೆಕ್‌ಡೊನಾಲ್ಡ್. ಪೂರ್ವತೀರದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಮ್ಯಾಂಚೆಸ್ಟರ್ ನಗರ ಅವರ ಹುಟ್ಟೂರು. ತಂದೆ ಪಾದರಕ್ಷೆಗಳ ಕಾರ್ಖಾನೆಯಲ್ಲಿ ದುಡಿದವರು. ಮಕ್ಕಳು ಅದೃಷ್ಟವನ್ನರಸಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಚಲನಚಿತ್ರ ಸ್ಟುಡಿಯೋಗಳಲ್ಲಿ ದೃಶ್ಯಸಾಮಗ್ರಿ ಹೊರುವ ಕೆಲಸಕ್ಕೆ ಸೇರಿದರು. ಬಳಿಕ ಸಣ್ಣದೊಂದು ಚಿತ್ರಮಂದಿರವನ್ನು ನಡೆಸಿದರು; ಅದು ಕೈಗೂಡಲಿಲ್ಲ. ಕಡೆಗೆ ಹಸಿದವರಿಗೆ ತಿಂಡಿ ಮಾರುವುದೇ ಮೇಲೆಂದು ತೋರಿತು. 1937ರಲ್ಲಿ ರಸ್ತೆಬದಿಯ ಒಂದು ಮಳಿಗೆ. 1940ರಲ್ಲಿ ಸ್ಯಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ ದೊಡ್ಡದಾದ ಉಪಾಹಾರಗೃಹ.

ಆ ಕಾಲದ ಪದ್ಧತಿಯಂತೆ ಗಿರಾಕಿಗಳು ಕಾರಿನಲ್ಲಿಯೇ ಕುಳಿತಿರುತ್ತಿದ್ದರು. ಸಮವಸ್ತ್ರದ ಯುವತಿಯರು ಕಾರಿನ ಬಳಿಗೇ ಬಂದು, ಬೇಕಾದುದನ್ನು ಕೇಳಿ ತಂದುಕೊಡುತ್ತಿದ್ದರು. ವ್ಯಾಪಾರವೇನೋ ಭರದಿಂದ ಸಾಗಿತ್ತು. ಆದರೆ ಆ ಯುವತಿಯರನ್ನು ನೋಡುವುದಕ್ಕಾಗಿಯೇ ಪಡ್ಡೆ ಹುಡುಗರ ದಂಡು ಅಲ್ಲಿ ಬೀಡುಬಿಡುತ್ತಿತ್ತು, ಸಂಸಾರವಂದಿಗರು ಹಿಂಜರಿಯುತ್ತಿದ್ದರು. ತಟ್ಟೆ ಲೋಟಗಳು ಒಡೆಯುತ್ತಿದ್ದವು, ಚಮಚಗಳು ಮಾಯವಾಗುತ್ತಿದ್ದವು. ಸೋದರರು ಲೆಕ್ಕದ ಪುಸ್ತಕವನ್ನು ತಿರುವಿಹಾಕಿದರು. ಪಟ್ಟಿಯಲ್ಲಿ ತಿಂಡಿಗಳು ಹಲವಿದ್ದರೂ ಮಾರಾಟದ ಬಹುಪಾಲು ಹ್ಯಾಂಬರ್ಗರಿನದೇ ಎಂಬುದು ಅವರ ಕಣ್ಣಿಗೆ ಬಿತ್ತು.

1948ರ ಶರತ್ಕಾಲದಲ್ಲಿ ಅವರು ನಡೆಯುತ್ತಿದ್ದ ಅಂಗಡಿಯ ಬಾಗಿಲನ್ನು ತಾವಾಗಿಯೇ ಮುಚ್ಚಿದರು. ಕಾರಿನ ಬಳಿ ಬಡಿಸುವವರು ಬೇಡ, ತಟ್ಟೆ ಬೇಡ, ಚಮಚ ಬೇಡ, ಎಲ್ಲವೂ ಕಾಗದದಲ್ಲಿ. ಪಟ್ಟಿಯಲ್ಲಿ ಒಂಬತ್ತೇ ಪದಾರ್ಥಗಳು. ಗಿರಾಕಿ ತಾನೇ ಕಿಟಕಿಗೆ ಬಂದು, ಹಣ ತೆತ್ತು, ಪೊಟ್ಟಣ ಪಡೆದು ಹೊರಡಬೇಕು. ಅಡಿಗೆಮನೆಯಲ್ಲಿ ಒಬ್ಬನಿಗೆ ಕಾವಲಿ, ಒಬ್ಬನಿಗೆ ಆಲೂಗೆಡ್ಡೆ, ಒಬ್ಬನಿಗೆ ಮಿಲ್ಕ್ ಷೇಕ್. ಒಬ್ಬರ ಕಾಲಿಗೆ ಒಬ್ಬರು ತೊಡರಬಾರದು. ಇದನ್ನು ಗೊತ್ತುಮಾಡಲು ಸೋದರರು ತಮ್ಮ ಮನೆಯ ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ಅಡಿಗೆಮನೆಯ ನಕ್ಷೆಯನ್ನು ಪೂರ್ಣಪ್ರಮಾಣದಲ್ಲಿ ಬರೆದರು. ಕೆಲಸಗಾರರನ್ನು ಕರೆಸಿ, ಇಲ್ಲದ ಒಲೆಯ ಮುಂದೆ ಇಲ್ಲದ ಬನ್ನುಗಳನ್ನು ಕಟ್ಟಿಸಿ, ಅವರ ಹೆಜ್ಜೆಗಳನ್ನು ಗಮನಿಸಿ ಗೆರೆಗಳನ್ನು ತಿದ್ದಿದರು. ಎಲ್ಲವೂ ಸರಿಹೊಂದಿದ ಆ ರಾತ್ರಿಯೇ ಮಳೆ ಸುರಿದು ನಕ್ಷೆಯೆಲ್ಲ ತೊಳೆದುಹೋಯಿತು. ಸೋದರರು ಸೀಮೆಸುಣ್ಣ ಹಿಡಿದು ಮತ್ತೆ ಮೊದಲಿನಿಂದ ಬರೆದರು.

ಡಿಸೆಂಬರಿನಲ್ಲಿ ಅಂಗಡಿ ಪುನಃ ತೆರೆಯಿತು. ಹಳೆಯ ಗಿರಾಕಿಗಳು ಬಂದರು. ಕಾರಿನಲ್ಲೇ ಕುಳಿತು ಹಾರನ್ನು ಬಾರಿಸಿದರು. ಯಾರೂ ಬರಲಿಲ್ಲ. ಬೇಸತ್ತು ಹೊರಟುಹೋದರು. ವ್ಯಾಪಾರ ಕುಸಿಯಿತು. ಆದರೂ ಸೋದರರು ಎದೆಗುಂದಲಿಲ್ಲ. ಹ್ಯಾಂಬರ್ಗರಿನ ಬೆಲೆ ಕೇವಲ 15 ಸೆಂಟು. ಹುರಿದ ಆಲೂಗೆಡ್ಡೆ 10 ಸೆಂಟು. ಕೆಲವು ತಿಂಗಳುಗಳಲ್ಲಿ ಬೇರೊಂದು ಬಗೆಯ ಜನ ಬರತೊಡಗಿದರು. ಎಲ್ಲ ಮಕ್ಕಳನ್ನೂ ಕರೆದುಕೊಂಡು ಹೋಟೆಲಿಗೆ ಹೋಗುವುದನ್ನು ಕನಸಿನಲ್ಲಿಯೂ ನೆನೆಯದಿದ್ದ ಕಾರ್ಮಿಕ ಕುಟುಂಬಗಳು ಕಿಟಕಿಯ ಮುಂದೆ ಸಾಲುಗಟ್ಟಿದವು. ದೊಡ್ಡವರ ಕೈಯಿಂದ ನಾಣ್ಯಗಳನ್ನು ಪಡೆದು, ತುದಿಗಾಲಲ್ಲಿ ನಿಂತು, ಹುಡುಗರು ತಮಗೆ ಬೇಕಾದುದನ್ನು ತಾವೇ ಕೇಳಿ ಕೊಳ್ಳುವಂತಾಯಿತು. ಇಂದು ಅಮೆರಿಕದ ವೃದ್ಧರು ನೆನೆಯುವ ಹದಿನೈದು ಸೆಂಟಿನಲ್ಲಿ ಅಗ್ಗದ ಬೆಲೆಗಿಂತ ಹೆಚ್ಚಾಗಿ ಅಡಗಿರುವುದು ಆ ಹೆಮ್ಮೆಯೇ.

ಅಂಗಡಿಯ ಖ್ಯಾತಿ ಹಬ್ಬಿತು. ಇತರರು ಹಣ ತೆತ್ತು ಆ ಹೆಸರಿನಲ್ಲಿ ಅಂಗಡಿ ತೆರೆಯಲು ಮುಂದಾದರು. ಹೊಸ ಕಟ್ಟಡಗಳಿಗೆ ದೂರದಿಂದಲೇ ಕಾಣುವಂಥ ಗುರುತು ಬೇಕೆಂದು ರಿಚರ್ಡ್ ಕಾಗದದ ಮೇಲೆ ಕಮಾನುಗಳನ್ನು ಗೀಚಿದರು. ಸ್ಟ್ಯಾನ್ಲಿ ಮೆಸ್ಟನ್ ಎಂಬ ವಾಸ್ತುಶಿಲ್ಪಿ ಕಟ್ಟಡವನ್ನು ರೂಪಿಸಿದರು. ಹೀಗೆ 1953ರಲ್ಲಿ ಮೊದಲು ಫೀನಿಕ್ಸ್ ನಗರದಲ್ಲಿ, ಅದರ ಬೆನ್ನಿಗೇ ಡೌನಿಯಲ್ಲಿ ಹಳದಿ ಕಮಾನುಗಳು ಎದ್ದವು.

1954ರಲ್ಲಿ ರೇ ಕ್ರಾಕ್ ಎಂಬವರು ಸ್ಯಾನ್ ಬರ್ನಾರ್ಡಿನೊಗೆ ಬಂದರು. ಒಮ್ಮೆಗೆ 5 ಲೋಟ ಮಿಲ್ಕ್ ಷೇಕ್ ಕಡೆಯುವ ಯಂತ್ರವನ್ನು ಮಾರುವುದು ಅವರ ವೃತ್ತಿ. ಅಂಥ 8 ಯಂತ್ರಗಳು ಒಂದೇ ಅಂಗಡಿಗೆ ಏಕೆ ಬೇಕಾದವೆಂಬ ಕುತೂಹಲ ಅವರನ್ನು ಎಳೆದುತಂದಿತ್ತು. ಸಾಲುಗಟ್ಟಿದ್ದ ಜನರನ್ನು ಕಂಡು ಅವರು ಬೆರಗಾದರು. ದೇಶದಾದ್ಯಂತ ಇಂಥ ಅಂಗಡಿಗಳನ್ನು ತೆರೆಯಬಾರದೇಕೆ ಎಂದು ಕೇಳಿದರು. ಆಗ ಸೋದರರು ದೂರದ ಗುಡ್ಡದ ಮೇಲಿದ್ದ ತಮ್ಮ ಮನೆಯನ್ನು ತೋರಿಸಿ, ಸಂಜೆ ಅದರ ಜಗಲಿಯಲ್ಲಿ ಕುಳಿತು ಸೂರ್ಯಾಸ್ತವನ್ನು ನೋಡುವುದೇ ತಮಗೆ ಸಾಕು, ಹೆಚ್ಚು ಅಂಗಡಿಗಳೆಂದರೆ ಹೆಚ್ಚು ತಲೆನೋವು ಎಂಬರ್ಥದ ಮಾತನ್ನಾಡಿದರೆಂದು ಕ್ರಾಕ್ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಜಗತ್ತಿಗೆ ಅವಸರದ ಊಟವನ್ನು ಕಲಿಸಿದವರಿಗೆ ತಮ್ಮ ಪಾಲಿಗೆ ಬೇಕಾಗಿದ್ದುದು ನಿಧಾನವಾದ ಒಂದು ಸಂಜೆ!

ಕ್ರಾಕ್ ಆ ಹೊಣೆಯನ್ನು ತಾವು ಹೊತ್ತರು. 1955ರ ಏಪ್ರಿಲ್ 15ರಂದು ಇಲಿನಾಯ್ ಸಂಸ್ಥಾನದ ಡೆಸ್ ಪ್ಲೇನ್ಸ್ ಎಂಬಲ್ಲಿ ಅವರ ಮೊದಲ ಅಂಗಡಿ ತೆರೆಯಿತು. ಆರು ವರ್ಷಗಳಲ್ಲಿ ಎರಡು ಕಡೆಯವರಿಗೂ ಮನಸ್ತಾಪ ಬೆಳೆಯಿತು. 1961ರಲ್ಲಿ ಸೋದರರು 27 ಲಕ್ಷ ಡಾಲರುಗಳಿಗೆ ತಮ್ಮ ಹಕ್ಕುಗಳನ್ನೆಲ್ಲ ಕ್ರಾಕ್‌ಗೆ ಮಾರಿದರು. ಮಾರಾಟದಲ್ಲಿ ಅವರ ಮನೆತನದ ಹೆಸರೂ ಸೇರಿತ್ತು. ಸ್ಯಾನ್ ಬರ್ನಾರ್ಡಿನೊದ ಮೂಲ ಅಂಗಡಿ ಮಾತ್ರ ಅವರಲ್ಲಿಯೇ ಉಳಿಯಿತು. ಆದರೆ ಅದರ ನೆತ್ತಿಯ ಮೇಲೆ ತಮ್ಮ ಹೆಸರನ್ನು ಬರೆದುಕೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಅವರು ಫಲಕವನ್ನು ಇಳಿಸಿ ‘ಬಿಗ್ ಎಂ’ ಎಂದು ಹೊಸ ಹೆಸರಿಟ್ಟರು. ಕ್ರಾಕ್ ಸಮೀಪದಲ್ಲಿಯೇ ಮೆಕ್‌ಡೊನಾಲ್ಡ್ಸ್ ಅಂಗಡಿಯೊಂದನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಮೂಲ ಅಂಗಡಿ ಮುಚ್ಚಿತು. ಬಳಿಕ ಕಟ್ಟಡವೂ ನೆಲಸಮವಾಯಿತು. ಮಾರಿಸ್ 1971ರಲ್ಲಿ ತೀರಿಕೊಂಡರು. 1984ರಲ್ಲಿ ಕಂಪನಿಯು ತನ್ನ 5,000ನೆಯ ಕೋಟಿಯ ಹ್ಯಾಂಬರ್ಗರನ್ನು ಸಮಾರಂಭವೊಂದರಲ್ಲಿ ರಿಚರ್ಡ್ ಅವರ ಕೈಗಿತ್ತಿತು. ಅವರು 1998ರವರೆಗೆ ಬದುಕಿದ್ದರು.

ಹೆಸರು ಜಗತ್ತನ್ನೆಲ್ಲ ಸುತ್ತಿತು. ಹೆಸರು ಹುಟ್ಟಿದ ಮನೆ ಉಳಿಯಲಿಲ್ಲ. ಕಂಪನಿಯು ಬೆಳೆಯುತ್ತ ಹೋದಂತೆ ಕೆಂಪು ಬಿಳಿ ಗೋಡೆಗಳೂ ಮಾಡನ್ನು ಸೀಳಿದ ಕಮಾನುಗಳೂ ಹಳೆಯ ಕಾಲದವೆನಿಸಿದವು. 1960ರ ದಶಕದ ಕೊನೆಯಿಂದ ಅವುಗಳ ಜಾಗದಲ್ಲಿ ಇಳಿಜಾರು ಮಾಡಿನ ಹೊಸ ಕಟ್ಟಡಗಳು ಬಂದವು. ಡೆಸ್ ಪ್ಲೇನ್ಸ್‌ನ ಕಟ್ಟಡವನ್ನೂ 1980ರ ದಶಕದಲ್ಲಿ ಕೆಡವಿ, ಅದೇ ಸ್ಥಳದಲ್ಲಿ ಅದರ ಪ್ರತಿಕೃತಿಯನ್ನು ವಸ್ತುಸಂಗ್ರಹಾಲಯವಾಗಿ ಕಟ್ಟಲಾಯಿತು. ಸಮೀಪದ ನದಿಯ ಪ್ರವಾಹಕ್ಕೆ ಮತ್ತೆ ಮತ್ತೆ ತುತ್ತಾದ ಆ ಪ್ರತಿಕೃತಿಯನ್ನೂ 2018ರಲ್ಲಿ ಕೆಡವಲಾಯಿತು.

ಡೌನಿಯ ಅಂಗಡಿ ಮಾತ್ರ ಹೇಗೆ ಉಳಿಯಿತು? ಅದನ್ನು ನಡೆಸುತ್ತಿದ್ದವರ ಕರಾರು ಸೋದರರೊಡನೆ ಆಗಿದ್ದುದೇ ಹೊರತು ಕ್ರಾಕ್‌ರೊಡನೆ ಅಲ್ಲ. ಆದುದರಿಂದ ಕಂಪನಿಯ ಅಪ್ಪಣೆ ಅಲ್ಲಿಗೆ ತಲಪಲಿಲ್ಲ. ಇತರ ಅಂಗಡಿಗಳು ಹೊಸ ರೂಪ ತಾಳುತ್ತಿದ್ದಾಗ ಅದು ಹುಟ್ಟಿದ ಉಡುಪಿನಲ್ಲಿಯೇ ನಿಂತಿತು. ಒಳಗೆ ಕುಳಿತು ಉಣ್ಣಲು ಸ್ಥಳವಿಲ್ಲ. ಕಾರಿನಿಂದ ಇಳಿಯದೆಯೇ ಕೊಂಡು ಸಾಗುವ ಹೊಸ ಏರ್ಪಾಡೂ ಇಲ್ಲ. ಹಿಂದುಳಿದುದೇ ಅದನ್ನು ಕಾಪಾಡಿತು.

1990ರಲ್ಲಿ ಅದೂ ಕಂಪನಿಯ ವಶವಾಯಿತು. 1994ರ ಜನವರಿಯಲ್ಲಿ ಭೂಕಂಪವಾದ ಬಳಿಕ ಕಂಪನಿಯು ಅದನ್ನು ಮುಚ್ಚಿ ಕೆಡವುವ ಯೋಚನೆಯಲ್ಲಿತ್ತು. ಲಾಭವಿಲ್ಲ, ಕಟ್ಟಡ ಹಳತು ಎಂಬ ಕಾರಣಗಳೇನೂ ಸುಳ್ಳಾಗಿರಲಿಲ್ಲ. ಆದರೆ ಊರಿನವರೂ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ದುಡಿಯುವವರೂ ಒಪ್ಪಲಿಲ್ಲ. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಟ್ರಸ್ಟು ಆ ವರ್ಷ ಪ್ರಕಟಿಸಿದ, ಅಪಾಯದಂಚಿನಲ್ಲಿರುವ 11 ಸ್ಥಳಗಳ ಪಟ್ಟಿಯಲ್ಲಿ ಈ ಹ್ಯಾಂಬರ್ಗರ್ ಅಂಗಡಿಯೂ ಸೇರಿತು. ಕಂಪನಿಯು ಮನಸ್ಸು ಬದಲಿಸಿತು. ಹಳೆಯ ರೂಪ ಕೆಡದಂತೆ ದುರಸ್ತಿ ಮಾಡಿಸಿ 1996ರಲ್ಲಿ ಮತ್ತೆ ಬಾಗಿಲು ತೆರೆಯಿತು. ಎರಡು ವರ್ಷಗಳ ತರುವಾಯ ಸ್ಯಾನ್ ಬರ್ನಾರ್ಡಿನೊದ ಮೂಲ ನಿವೇಶನವನ್ನು ಬೇರೊಂದು ಹೋಟೆಲು ಸಂಸ್ಥೆಯ ಒಡೆಯರು ಕೊಂಡು, ಕಂಪನಿಗೆ ಸಂಬಂಧವಿಲ್ಲದ ಒಂದು ಸಂಗ್ರಹಾಲಯವನ್ನು ಅಲ್ಲಿ ತೆರೆದರು.

ಈಗ ಡೌನಿಗೆ ಹೋದವರಿಗೆ ದೊರೆಯುವ ತಿಂಡಿ ಜಗತ್ತಿನ ಸಾವಿರಾರು ಅಂಗಡಿಗಳಲ್ಲಿಯೂ ದೊರೆಯುತ್ತದೆ. ಬೆಲೆ ಹದಿನೈದು ಸೆಂಟಂತೂ ಅಲ್ಲ. ಆದರೂ ಅಜ್ಜಂದಿರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಕಿಟಕಿಯ ಮುಂದೆ ನಿಲ್ಲಿಸುತ್ತಾರೆ. ಹೆಸರನ್ನು ಮಾರಬಹುದು, ಕೊಳ್ಳಬಹುದು. ಚಿಕ್ಕಂದಿನಲ್ಲಿ ತುದಿಗಾಲಲ್ಲಿ ನಿಂತ ಜಾಗವನ್ನು ಮಾತ್ರ ಬೇರೊಂದು ಕಡೆ ಕಟ್ಟಿಕೊಡಲು ಬರುವುದಿಲ್ಲ. ಕೊಂಡು ಬೇಗನೆ ಹೊರಟುಹೋಗಲೆಂದು ಕಟ್ಟಿದ ಅಂಗಡಿಯ ಮುಂದೆ ಜನ ಈಗ ಹೊತ್ತು ಕಳೆಯುತ್ತಾರೆ. ಮೇಲೆ ಸ್ಪೀಡಿ ಓಡುತ್ತಲೇ ಇರುತ್ತಾನೆ.