ಕುಲಪತಿಗಳೇ, ಆ ಪ್ರಬಂಧವನ್ನು ಯಾರು ಓದಿದರು?

ಮಾನ್ಯ ಕುಲಪತಿಗಳೇ,

ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೂ ಇನ್ನು ಮುಂದೆ ಕೃತಿಚೌರ್ಯ ತಪಾಸಣೆಯ ಪ್ರಮಾಣಪತ್ರ ಕಡ್ಡಾಯ ಎಂಬ ತಮ್ಮ ಸುತ್ತೋಲೆ ಕೈಸೇರಿತು. ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಆ ಹಾಳೆಯಿಂದ ನಕಲು ನಿಲ್ಲುವುದಿಲ್ಲ, ನಕಲಿಗೊಂದು ಮೊಹರು ಬೀಳುತ್ತದೆ ಅಷ್ಟೆ.

ಕಳೆದ ವರ್ಷ ಮೌಲ್ಯಮಾಪನಕ್ಕೆ ಬಂದ ಪ್ರಬಂಧವೊಂದು ಕೊಪ್ಪಳದ ಸ್ತ್ರೀಶಕ್ತಿ ಗುಂಪುಗಳ ಕುರಿತದ್ದು. ಗಟ್ಟಿ ರಟ್ಟು, ಬಂಗಾರದ ಬಣ್ಣದ ಅಕ್ಷರ, ಮಾರ್ಗದರ್ಶಕರ ಸಹಿ, ಎಲ್ಲ ಸರಿಯಾಗಿತ್ತು. ಎರಡನೇ ಅಧ್ಯಾಯದಲ್ಲಿ ‘ಕೊಪ್ಪಳ ಪೇಡ ದೇಶವಿದೇಶಗಳಲ್ಲಿ ಹೆಸರುವಾಸಿ’ ಎಂದಿತ್ತು. ಪುಟ ತಿರುವಿದರೆ ಹೈಕೋರ್ಟ್ ಪೀಠವೂ ಕೊಪ್ಪಳಕ್ಕೆ ಬಂದುಬಿಟ್ಟಿತ್ತು! ಧಾರವಾಡದ ಯಾರದೋ ಪ್ರಬಂಧ ತಂದು, ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಬದಲಿಸಿದ್ದರು. ವೈವಾದಲ್ಲಿ, ಯಾವ ಊರಿನ ಗುಂಪಿನವರನ್ನು ಮಾತಾಡಿಸಿದೆಯಮ್ಮ ಎಂದು ಕೇಳಿದೆ. ‘ಸರ್, ಡಿಟಿಪಿ ಅಂಗಡಿಯವರೇ ಎಲ್ಲಾ ಮಾಡಿಕೊಟ್ರು’ ಎಂದಳು. ಅಳುಕಿರಲಿಲ್ಲ. ಇದನ್ನು ಯಾರಾದರೂ ಓದಿಯಾರು ಎಂಬ ಕಲ್ಪನೆಯೇ ಆಕೆಗೆ ಇದ್ದಂತಿರಲಿಲ್ಲ. ಸಹಿ ಹಾಕಿದವರು ಅತಿಥಿ ಉಪನ್ಯಾಸಕರು, ಎರಡು ಊರುಗಳ ಕಾಲೇಜುಗಳ ನಡುವೆ ಬಸ್ಸಿನಲ್ಲೇ ಅರ್ಧ ದಿನ ಕಳೆಯುವವರು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ.

ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ನಮ್ಮವರು ಬಾಯಿಪಾಠ ಮಾಡಿಕೊಂಡದ್ದು ಇಷ್ಟನ್ನೇ. ಪ್ರತಿ ಸೆಮಿಸ್ಟರಿನಲ್ಲೂ ಈ ಬಗ್ಗೆ ತಿಳಿವಳಿಕೆ ಕಾರ್ಯಕ್ರಮ ನಡೆಸಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಉಲ್ಲೇಖ ಕೊಡುವುದು ಹೇಗೆ, ಬೇರೆಯವರ ಮಾತನ್ನು ತನ್ನ ಮಾತಿನಲ್ಲಿ ಬರೆದಾಗಲೂ ಮೂಲವನ್ನು ಏಕೆ ಹೇಳಬೇಕು ಎಂದು ನಮ್ಮ ಎಷ್ಟು ವಿಭಾಗಗಳಲ್ಲಿ ಕೂತು ಕಲಿಸುತ್ತಾರೆ? ಶಾಲೆಯಲ್ಲಿ ಗೈಡು ನೋಡಿ ಬರೆದರೆ ‘ಗುಡ್’ ಎಂದವರು ನಾವು. ಎಂ.ಎ.ಗೆ ಬಂದ ಕೂಡಲೇ ಅದನ್ನೇ ಕಳ್ಳತನ ಎಂದರೆ ಹುಡುಗರು ತಬ್ಬಿಬ್ಬಾಗದೆ ಇನ್ನೇನು?

ಇನ್ನು ಕನ್ನಡದ ಪಾಡು. ನಮ್ಮ ಎಷ್ಟೋ ಪ್ರಬಂಧಗಳು ಇವತ್ತಿಗೂ ನುಡಿಯ ಹಳೆಯ ಫಾಂಟುಗಳಲ್ಲೇ ಟೈಪಾಗುತ್ತವೆ. ಯೂನಿಕೋಡ್ ಅಲ್ಲದ ಆ ಕಡತ ಕೃತಿಚೌರ್ಯ ಹಿಡಿಯುವ ತಂತ್ರಾಂಶದ ಕಣ್ಣಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿರುವ ಮೂಲದೊಂದಿಗೆ ಅದು ಹೊಂದುವುದಾದರೂ ಹೇಗೆ? ಗ್ರಂಥಾಲಯದ ಕಪಾಟಿನಲ್ಲಿ ದೂಳು ತಿನ್ನುತ್ತಿರುವ ಎಂಬತ್ತರ ದಶಕದ ಮಹಾಪ್ರಬಂಧವಂತೂ ಅಂತರ್ಜಾಲದಲ್ಲೇ ಇಲ್ಲ. ಅದನ್ನು ಇಡಿಯಾಗಿ ಎತ್ತಿದರೂ ಹೋಲಿಕೆ ಸೊನ್ನೆ ಎಂದು ವರದಿ ಬಂದೀತು. ಇಂಗ್ಲಿಷ್ ಲೇಖನವನ್ನು ಗೂಗಲ್‌ಗೆ ಹಾಕಿ ಕನ್ನಡಕ್ಕಿಳಿಸಿದರೂ ಬಹುತೇಕ ಅದೇ ಕಥೆ. ಚಾಟ್‌ಜಿಪಿಟಿ ಬಂದ ಮೇಲೆ ಹೋಲಿಕೆಯ ಲೆಕ್ಕವೇ ಬುಡಮೇಲಾಗಿದೆ. ಅತ್ತ, ಕಾನೂನಿನ ಕಲಮುಗಳನ್ನು ಉದ್ಧರಿಸಿದ ಪ್ರಾಮಾಣಿಕ ಹುಡುಗನ ಶೇಕಡಾವಾರು ಏರಿ ಕೂರುತ್ತದೆ. ಅಂಥ ಭಾಗವನ್ನು ಲೆಕ್ಕದಿಂದ ಬಿಡಬೇಕೆಂದು ನಿಯಮದಲ್ಲೇ ಇದ್ದರೂ, ವರದಿಯನ್ನು ಬಿಡಿಸಿ ನೋಡುವ ವ್ಯವಧಾನ ಯಾರಿಗಿದೆ?

ಸುತ್ತೋಲೆ ಹಿಂಪಡೆಯಿರಿ ಎನ್ನುತ್ತಿಲ್ಲ. ಪಿಎಚ್‌.ಡಿ.ಯಲ್ಲಿ ಪ್ರಾಧ್ಯಾಪಕರೊಬ್ಬರ ಕೈಯಲ್ಲಿ ಎಂಟಕ್ಕಿಂತ ಹೆಚ್ಚು ಸಂಶೋಧನಾರ್ಥಿಗಳಿರಬಾರದೆಂದು ಯುಜಿಸಿ ಮಿತಿ ಹಾಕಿದೆಯಲ್ಲ, ಕಿರುಪ್ರಬಂಧಕ್ಕೂ ಅಂಥದೊಂದು ಮಿತಿ ತನ್ನಿ. ಅಂಕಗಳನ್ನೆಲ್ಲ ಬೈಂಡ್ ಆದ ಪ್ರತಿಗೇ ಸುರಿಯುವ ಬದಲು ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಕ್ಕೆ, ಮೊದಲ ಕರಡಿಗೆ, ವೈವಾಕ್ಕೆ ಹಂಚಿ. ಗೀಚಿ ತಿದ್ದಿದ ಟಿಪ್ಪಣಿಯನ್ನು ಯಾವ ಅಂಗಡಿಯವನೂ ಅಷ್ಟು ಸುಲಭಕ್ಕೆ ಮಾರಲಾರ. ಯೂನಿಕೋಡ್ ಕಡತವನ್ನಷ್ಟೇ ಸ್ವೀಕರಿಸಿ, ಹಳೆಯ ಪ್ರಬಂಧಗಳನ್ನು ಸ್ಕ್ಯಾನ್ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕರಡು ಓದಿ ತಿದ್ದುವ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಸೇರಿಸಿ, ಅತಿಥಿ ಉಪನ್ಯಾಸಕರಿಗೆ ಅದಕ್ಕೂ ಗೌರವಧನ ಕೊಡಿ. ಹಣವೆಲ್ಲಿ ಎಂದು ಹಣಕಾಸು ಅಧಿಕಾರಿಗಳು ಕೇಳಿದರೆ, ತಂತ್ರಾಂಶಕ್ಕೆ ಎಲ್ಲಿಂದ ಬಂತೋ ಅಲ್ಲಿಂದಲೇ ಎಂದು ಹೇಳಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸ್ನಾತಕೋತ್ತರ ಅಧ್ಯಾಪಕ