ಧಾತು-ಈಶ್ವರದ ಬರ ಮತ್ತು ಮುತ್ತಜ್ಜನ ಬಾಳು

ವಂಶವೃಕ್ಷವನ್ನು ಬರೆದಿಟ್ಟುಕೊಂಡ ಮನೆತನಗಳು ನಾಡಿನಲ್ಲಿ ಬಹಳವಾಗಿವೆ. ಮುತ್ತಜ್ಜನ ಹೆಸರು, ಅವನ ತಂದೆಯ ಹೆಸರು, ಮನೆದೇವರು, ಮೂಲಗ್ರಾಮ ಇವಿಷ್ಟು ಅದರಲ್ಲಿ ದೊರೆಯುತ್ತವೆ. ಹೆಂಗಸರ ಹೆಸರುಗಳಂತೂ ಎಷ್ಟೋ ಕಡೆ ಅದೂ ಇಲ್ಲ. ಆದರೆ ಆ ಹಿರಿಯರು ಏನನ್ನು ಉಂಡರು, ಯಾವುದಕ್ಕೆ ಅಂಜಿದರು, ಏತಕ್ಕಾಗಿ ಊರನ್ನು ಬಿಟ್ಟರು ಎಂದು ಕೇಳಿದರೆ ವೃಕ್ಷವು ಮೌನವಾಗಿರುತ್ತದೆ. ಅದಕ್ಕೆ ಉತ್ತರವನ್ನು ಹುಡುಕಬೇಕಾದುದು ಆ ಸೀಮೆಯ ಚರಿತ್ರೆಯಲ್ಲಿ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ‘ಧಾತು-ಈಶ್ವರದ ಬರ’ ಎಂಬ ಮಾತು ಬಹುಕಾಲ ಉಳಿದಿತ್ತು. ಅಜ್ಜಿಯರು ಇಸವಿಯನ್ನು ಹೇಳುತ್ತಿರಲಿಲ್ಲ, ಸಂವತ್ಸರವನ್ನು ಹೇಳುತ್ತಿದ್ದರು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ತಲೆಮಾರನ್ನು ಎಣಿಸಿದರೆ ಇಸವಿ ತಾನಾಗಿ ಹೊರಡುತ್ತದೆ. ಈ ಧಾತು 1876-77, ಈಶ್ವರ 1877-78. ಬೆಂಗಳೂರಿಗೆ ಪ್ಲೇಗು ಕಾಲಿಟ್ಟ 1898 ವಿಳಂಬಿ. ಇನ್‌ಫ್ಲುಯೆಂಜಾ ಜ್ವರ ಹಬ್ಬಿದ 1918 ಕಾಳಯುಕ್ತಿ. ‘ವಿಳಂಬಿಯಲ್ಲಿ ಹಳೆಯ ಮನೆ ಬಿಟ್ಟೆವು’ ಎಂಬ ಒಂದು ನುಡಿಯ ಹಿಂದೆ ಊರ ಹೊರಗಿನ ಗುಡಿಸಲುಗಳೂ, ಬಸವನಗುಡಿ ಮಲ್ಲೇಶ್ವರಗಳಂತಹ ಹೊಸ ಬಡಾವಣೆಗಳೂ ಅಡಗಿರಬಹುದು.

ಬರದ ವಿಷಯವನ್ನೇ ನೋಡೋಣ. ರಾಗಿಯ ಸೀಮೆಯ ರೈತನು ಒಂದು ವರ್ಷ ಮಳೆ ಹೋದರೆ ಧೃತಿಗೆಡುತ್ತಿರಲಿಲ್ಲ. ಸುಭಿಕ್ಷದ ಕಾಲದಲ್ಲಿ ಮಿಕ್ಕ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿದರೆ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಹಗೇವೇ ಅವನ ಬ್ಯಾಂಕು. ಆದರೆ 1875ರಲ್ಲಿ ಮಳೆ ಕುಂದಿತು, 1876ರಲ್ಲಿ ಕೈಕೊಟ್ಟಿತು. ಹಗೇವುಗಳು ಬರಿದಾದುವು. ಮೇವಿಲ್ಲದೆ ಎತ್ತುಗಳು ಬಿದ್ದುವು. ಎತ್ತಿಲ್ಲದವನಿಗೆ ಮುಂದೆ ಮಳೆ ಬಂದರೂ ಉಳುಮೆ ಎಲ್ಲಿಯದು? ಬಿತ್ತನೆಯ ಕಾಳನ್ನೂ ಉಂಡವನು ಏನನ್ನು ಬಿತ್ತಬೇಕು?

ಮೈಸೂರು ಸಂಸ್ಥಾನದ ಜನಗಣತಿಯಲ್ಲಿ 1871ರಲ್ಲಿ 50,55,412 ಜನರಿದ್ದರು. 1881ರಲ್ಲಿ 41,86,188 ಮಂದಿ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ 8,69,224ರಷ್ಟು ಕುಗ್ಗಿತು. ಬೊಂಬಾಯಿ ಪ್ರಾಂತದಲ್ಲಿದ್ದ ಧಾರವಾಡ, ವಿಜಾಪುರದ ಸೀಮೆಗಳೂ ಅದೇ ಬರದಲ್ಲಿ ಬೆಂದುವು. ಬಳ್ಳಾರಿಯು ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ, ಪರಿಹಾರದ ಕೆಲಸ ಮಾಡುವ ಗಂಡಾಳಿನ ಕೂಲಿಯಲ್ಲಿ ಧಾನ್ಯದ ಪಾಲನ್ನು ಸರ್ ರಿಚರ್ಡ್ ಟೆಂಪಲ್ ಅವರು 1877ರಲ್ಲಿ ದಿನಕ್ಕೆ 1 ಪೌಂಡಿಗೆ ಇಳಿಸಿದರು. ಬೆಂಗಳೂರು-ಮೈಸೂರು ರೈಲುಹಾದಿಯೂ ಬರದ ಪರಿಹಾರಕ್ಕಾಗಿ ಕೈಗೊಂಡ ಕೆಲಸವೇ. ಅದು ಮೈಸೂರನ್ನು ಮುಟ್ಟಿದುದು 1882ರಲ್ಲಿ. ಆ ಹಾದಿಗೆ ಮಣ್ಣು ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಯಾರದೋ ಮುತ್ತಜ್ಜಂದಿರು, ಯಾರದೋ ಮುತ್ತಜ್ಜಿಯರು.

ಈಗ ಮನೆಯ ಕಥೆಗೆ ಮರಳಬಹುದು. ‘ಮುತ್ತಜ್ಜ ಪಿತ್ರಾರ್ಜಿತ ಜಮೀನನ್ನು ಮೂರು ಕಾಸಿಗೆ ಮಾರಿ ಪಟ್ಟಣ ಸೇರಿದ, ಮನೆತನ ಹಾಳುಮಾಡಿದ’ ಎಂಬ ಆಪಾದನೆ ಕೆಲವು ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿರುತ್ತದೆ. ಮಾರಾಟದ ಪತ್ರದ ತೇದಿ 1877 ಎಂದು ಕಂಡಾಗ ಆ ಆಪಾದನೆಯ ರೂಪವೇ ಬದಲಾಗುತ್ತದೆ. ಆ ವರ್ಷ ಭೂಮಿಯನ್ನು ಮಾರಿದವನು ಪೋಲಿಯೇ ಆಗಿರಬೇಕೆಂದಿಲ್ಲ. ಮಕ್ಕಳನ್ನು ಉಳಿಸಿಕೊಂಡ ತಂದೆಯೂ ಆಗಿರಬಹುದು. ಎಲೆಯಲ್ಲಿ ಒಂದು ಅಗುಳು ಮಿಕ್ಕರೂ ಗದರುತ್ತಿದ್ದ ಮುತ್ತಜ್ಜಿಯ ಜಿಪುಣತನಕ್ಕೂ ಬೇರೊಂದು ಅರ್ಥ ಹೊಳೆಯುತ್ತದೆ.

ಇದನ್ನು ಅರಸುವವರಿಗೆ ಸಾಮಗ್ರಿ ಇಲ್ಲದಿಲ್ಲ. ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ಶಾಸನಗಳನ್ನು ತಾಲ್ಲೂಕುವಾರು ಕೊಡುತ್ತವೆ. ಮೂಲಗ್ರಾಮದ ವೀರಗಲ್ಲೋ ದಾನಶಾಸನವೋ ಅಲ್ಲಿ ಸಿಕ್ಕೀತು. ಬುಕಾನನ್ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ ನೇಗಿಲು, ಮಗ್ಗ, ಬೆಳೆಗಳನ್ನೆಲ್ಲ ವರ್ಣಿಸಿದ್ದಾನೆ. ಧಾರವಾಡ, ವಿಜಾಪುರದವರಿಗೆ 1884ರ ಬೊಂಬಾಯಿ ಗ್ಯಾಸೆಟಿಯರುಗಳಿವೆ. 1956ಕ್ಕೆ ಮುನ್ನ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ, ಮೂಲಗ್ರಾಮವು ಯಾರ ಕೈಯಲ್ಲಿದ್ದಿತೆಂಬುದನ್ನು ಮೊದಲು ತಿಳಿಯಬೇಕು. ದಾಖಲೆಗಳು ಆ ದಾರಿಯಲ್ಲಿಯೇ ಇರುತ್ತವೆ.

ಒಂದು ಎಚ್ಚರಿಕೆ ಅವಶ್ಯ. ಸೀಮೆಯ ಚರಿತ್ರೆ ಹೇಳುವುದು ಹಿರಿಯರಿಗೆ ಏನು ಸಂಭವಿಸಿರಬಹುದು ಎಂಬುದನ್ನು. ಏನು ಸಂಭವಿಸಿತು ಎಂಬುದಕ್ಕೆ ಮನೆಯ ಪತ್ರವೋ ಹಿರಿಯರ ಬಾಯಿಮಾತೋ ಬೇಕು. ಊರಿನಲ್ಲಿ ಪಾಳೆಯಗಾರನಿದ್ದನೆಂದ ಮಾತ್ರಕ್ಕೆ ಎಲ್ಲರೂ ಅವನ ವಂಶದವರಾಗುವುದಿಲ್ಲ. ಅವನ ಕೋಟೆಗೆ ಕಲ್ಲು ಹೊತ್ತವರೂ ಪೂರ್ವಜರೇ. ಚರಿತ್ರೆಯ ಪುಸ್ತಕಗಳು ಗ್ರಂಥಾಲಯದಲ್ಲಿ ಕಾಯುತ್ತವೆ. ಮನೆಯ ಹಿರಿಯರ ನೆನಪು ಕಾಯುವುದಿಲ್ಲ. ಅವರು ಹೇಳುವ ಸಂವತ್ಸರದ ಹೆಸರನ್ನು ಇಂದೇ ಬರೆದಿಟ್ಟುಕೊಳ್ಳುವುದು ಲೇಸು.